ಪೋಸ್ಟರ್‌ಗೆ ಬಾರದ ಸಾಲುಗಳು

ಸೂರ್ಯ ಹುಟ್ಟೋ ಫೋಟೋ, ಅದರ ಮೇಲೆ ಬಿಳಿ ಅಕ್ಷರದಲ್ಲಿ ದಾವೀದ ತನ್ನ ದೇವರಲ್ಲಿ ಬಲ ತಂದ್ಕೊಂಡ ಅನ್ನೋ ಅರ್ಥದ ಒಂದು ಸಾಲು, ಕೆಳಗೆ 1 ಸಮುವೇಲ 30:6 ಅಂತ ಬೈಬಲ್ ವಚನದ ನಂಬರ್. ಇಂಥ ಫಾರ್ವರ್ಡ್ ನಿಮಗೂ ಬಂದಿರತ್ತೆ. ಸಾಲಿನ ಬಗ್ಗೆ ನಂದೇನೂ ತಕರಾರಿಲ್ಲ, ಚೆನ್ನಾಗೇ ಇದೆ. ಆದ್ರೆ ಅದು ಪೂರ್ತಿ ವಚನ ಅಲ್ಲ, ಬರೀ ಬಾಲ. ಅದರ ತಲೆ ಎಲ್ಲಿ ಅಂತ ಹುಡುಕಿದ್ರೆ ಅಲ್ಲಿ ಜನ ದಾವೀದನಿಗೆ ಕಲ್ಲು ಹೊಡೆದು ಸಾಯಿಸೋಣ ಅಂತ ಮಾತಾಡ್ಕೊಳ್ತಿದಾರೆ. ಶತ್ರುಗಳಲ್ಲ, ಅವನ ಜೊತೆಗೇ ಅಲೆದಾಡಿದ ಅವನದೇ ಜನ.

ನಾನು ಯೆಹೂದಿ ಅಲ್ಲ, ಕ್ರಿಶ್ಚಿಯನ್ನೂ ಅಲ್ಲ, ರಾಮಾಯಣ ಭಾರತ ಕೇಳ್ಕೊಂಡು ಬೆಳೆದೋನು. ಮಧ್ಯದಲ್ಲಿ ಒಂದಷ್ಟು ಕಾಲ ಮನೇಲಿ ಪರಿಸ್ಥಿತಿ ಸರಿ ಇರಲಿಲ್ಲ, ಅದರ ಡೀಟೇಲ್ಸ್ ಇಲ್ಲಿ ಬೇಡ, ಆವಾಗ ಎಲ್ರೂ ಬಂದು "ಎಲ್ಲಾ ಒಳ್ಳೇದಕ್ಕೇ ಆಗೋದು" ಅಂತ ಹೇಳಿ ಹೋಗ್ತಿದ್ರು, ಆ ಮಾತು ಕೇಳಿದಷ್ಟೂ ಮೈ ಉರೀತಿತ್ತು. ಅಂಥ ಟೈಮಲ್ಲಿ ಈ ಪುಸ್ತಕಗಳು ಕೈಗೆ ಸಿಕ್ಕಿದ್ವು. ಯೆಹೂದ್ಯರು ಇದನ್ನ ತನಖ್ ಅಂತಾರೆ, ತೋರಾ, ಪ್ರವಾದಿಗಳು, ಬರಹಗಳು ಅಂತ ಮೂರು ಭಾಗ, ಅವರ ಲೆಕ್ಕದಲ್ಲಿ 24 ಪುಸ್ತಕ. ಕನ್ನಡ ಬೈಬಲ್‌ನಲ್ಲಿ ಹಳೇ ಒಡಂಬಡಿಕೆ ಅಂತ ಇರೋದು ಹೆಚ್ಚು ಕಮ್ಮಿ ಇದೇನೇ, ಜೋಡಿಸಿರೋ ಕ್ರಮ ಬೇರೆ ಅಷ್ಟೆ. ನಂಗೆ ಅದ್ರಲ್ಲಿ ಹಿಡಿಸಿದ್ದು ಏನಪ್ಪಾ ಅಂದ್ರೆ ಅಲ್ಲಿ ಯಾವ ಧೈರ್ಯದ ಮಾತೂ ಸುಮ್ನೆ ಒಂಟಿಯಾಗಿ ನಿಂತಿಲ್ಲ. ಅದರ ಮುಂಚೆ ಒಂದು ರಾದ್ಧಾಂತ, ಆಮೇಲೆ ಒಂದು ಕೆಲಸ ಇದ್ದೇ ಇರತ್ತೆ. ಪೋಸ್ಟರ್ ಮಾಡೋರು ಎರಡನ್ನೂ ಕತ್ತರಿಸಿ ಮಧ್ಯದ್ದನ್ನ ಮಾತ್ರ ನಮಗೆ ಕೊಡ್ತಾರೆ, ಆಮೇಲೆ ನಾವು ಯಾಕೋ ಇದು ನನ್ ಕೈಲಿ ಆಗ್ತಿಲ್ವಲ್ಲ ಅಂತ ಕೂತ್ಕೊಳ್ತೀವಿ.

ದಾವೀದನ ಕಥೆಗೇ ಬರ್ತೀನಿ. ಮುಂದೆ ಇಸ್ರೇಲಿಗೆ ರಾಜ ಆದೋನು ಇವನು, ಆಗ ಇನ್ನೂ ರಾಜ ಆಗಿಲ್ಲ. ರಾಜ ಸೌಲ ಅವನನ್ನ ಕೊಲ್ಲೋಕೆ ಹುಡುಕ್ತಿದಾನೆ, ತಪ್ಪಿಸ್ಕೊಳ್ಳೋಕೆ ದಾವೀದ ಹೋಗಿ ಸೇರಿದ್ದು ಯಾರ ಹತ್ರ ಅಂದ್ರೆ ಫಿಲಿಷ್ಟಿಯರ ಹತ್ರ, ಅಂದ್ರೆ ತನ್ನ ಜನಗಳ ಬದ್ಧ ವೈರಿಗಳ ಹತ್ರ. ಗತ್ ಊರಿನ ರಾಜ ಆಕೀಷ ಅವನಿಗೆ ಚಿಕ್ಲಗ್ ಅನ್ನೋ ಊರು ಬಿಟ್ಟುಕೊಟ್ಟ. ಒಂದು ವರ್ಷ ನಾಲ್ಕು ತಿಂಗಳು ಆ ದೇಶದಲ್ಲಿ ಇದ್ದ, ಸುತ್ತಮುತ್ತ ಲೂಟಿ ಹೊಡ್ಕೊಂಡು, ಯಾರ ಊರು ಲೂಟಿ ಮಾಡಿದೆ ಅನ್ನೋದನ್ನ ಆಕೀಷನಿಗೆ ಸುಳ್ಳು ಹೇಳ್ಕೊಂಡು. ಅಮಾಲೇಕ್ಯರು ಅನ್ನೋ ಬುಡಕಟ್ಟಿನ ಮೇಲೂ ಬಿದ್ದಿದ್ದ, ಗಂಡಸು ಹೆಂಗಸು ಯಾರನ್ನೂ ಜೀವಂತ ಉಳಿಸ್ತಿರಲಿಲ್ಲ ಅಂತ 27ನೇ ಅಧ್ಯಾಯ ಯಾವ ಸಂಕೋಚಾನೂ ಇಲ್ದೆ ಹೇಳತ್ತೆ. ಇದು ಸಂತರ ಚರಿತ್ರೆ ಅಲ್ಲ ಅನ್ನೋದು ನೆನಪಿರ್ಲಿ.

ಆಮೇಲೆ ಫಿಲಿಷ್ಟಿಯರು ಸೌಲನ ಮೇಲೆ ಯುದ್ಧಕ್ಕೆ ಹೊರಟಾಗ ದಾವೀದನೂ ಹೊರಟ, ಇವನನ್ನ ನಂಬೋಕಾಗಲ್ಲ ಅಂತ ಅವರ ನಾಯಕರು ವಾಪಸ್ ಕಳಿಸಿದ್ರು. ಮೂರನೇ ದಿನ ಚಿಕ್ಲಗ್‌ಗೆ ಬಂದು ನೋಡಿದ್ರೆ ಊರು ಸುಟ್ಟು ಬೂದಿ. ಅಮಾಲೇಕ್ಯರು ಬಂದು ಹೆಂಡ್ತಿ ಮಕ್ಕಳನ್ನೆಲ್ಲ ಎಳ್ಕೊಂಡು ಹೋಗಿದಾರೆ, ಆದ್ರೆ ಒಬ್ಬರನ್ನೂ ಕೊಂದಿಲ್ಲ (ದಾವೀದ ಅವರಿಗೆ ಮಾಡಿದ್ದಕ್ಕಿಂತ ಅವರೇ ವಾಸಿ ಅನ್ನಿಸತ್ತೆ ನಂಗೆ). ದಾವೀದನ ಇಬ್ರು ಹೆಂಡ್ತಿಯರೂ ಹೋಗಿದಾರೆ. ಆಗ ದಾವೀದನೂ ಅವನ ಜೊತೆಗಿದ್ದ 600 ಜನ ಗಂಡಸರೂ ಅತ್ರು, ಇನ್ನು ಅಳೋಕೆ ತ್ರಾಣ ಇಲ್ಲ ಅನ್ನೋವರ್ಗೂ ಅತ್ರು ಅಂತ ಬರೆದಿದೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟು ಲೀಡರ್ ಮೇಲೆ ತಿರುಗ್ತು, ಕಲ್ಲಿನ ಮಾತು ಬಂತು. ಇಷ್ಟೆಲ್ಲ ಆದ್ಮೇಲೆ ನಮ್ಮ ಪೋಸ್ಟರ್ ಸಾಲು ಬರೋದು.

ಹೇಗೆ ಬಲ ತಂದ್ಕೊಂಡ ಅಂತ ಅಲ್ಲಿ ಹೇಳಿಲ್ಲ. ಒಂದು ಪ್ರಾರ್ಥನೆ ಕೊಟ್ಟಿಲ್ಲ, ದರ್ಶನ ಇಲ್ಲ, ಬೆಳಕು ಇಲ್ಲ. ನೇರವಾಗಿ ಮುಂದಿನ ಸಾಲಲ್ಲಿ ಯಾಜಕ ಎಬ್ಯಾತಾರನನ್ನ ಕರೆದು ಏಫೋದ್ ತಗೊಂಡು ಬಾ ಅಂತಾನೆ, ಏಫೋದ್ ಅಂದ್ರೆ ದೈವಚಿತ್ತ ಕೇಳೋಕೆ ಬಳಸ್ತಿದ್ದ ಯಾಜಕರ ಉಡುಪು, ತಂದ್ಮೇಲೆ ಕೇಳೋ ಪ್ರಶ್ನೆ ಬರೀ ಪ್ರಾಕ್ಟಿಕಲ್: ಆ ದಂಡಿನ ಹಿಂದೆ ಬೀಳ್ಲಾ, ಸಿಗ್ತಾರಾ? ನಂಗೆ ಯಾಕೆ ಹೀಗಾಯ್ತು ಅಂತ ಕೇಳಲ್ಲ. ಕೇಳಬಾರದು ಅಂತಲ್ಲ, ಯಾಕೆ ಅಂತ ಕೇಳೋರು ಈ ಗ್ರಂಥದ ತುಂಬ ಇದಾರೆ, ಮುಂದೆ ಬರ್ತಾರೆ, ಆದ್ರೆ ಆವತ್ತು ಅವನಿಗೆ ಬೇಕಾಗಿದ್ದು ಆ ಸಂಜೆ ಯಾವ ದಿಕ್ಕಿಗೆ ಹೊರಡೋದು ಅನ್ನೋದಷ್ಟೇ.

ಈ ಅಧ್ಯಾಯದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇನ್ನೂ ಮುಂದೆ ಇದೆ. ಬೆಸೋರ್ ಹಳ್ಳದ ಹತ್ರ ಬರೋ ಹೊತ್ತಿಗೆ 200 ಜನಕ್ಕೆ ಹಳ್ಳ ದಾಟೋಕೂ ಆಗಲ್ಲ, ಅಷ್ಟು ಸುಸ್ತು. ಅವರು ಅಲ್ಲೇ ಉಳ್ಕೊಂಡ್ರು, 400 ಜನ ಮುಂದೆ ಹೋದ್ರು. ದಾರೀಲಿ ಒಬ್ಬ ಐಗುಪ್ತದ, ಅಂದ್ರೆ ಈಜಿಪ್ಟಿನ, ಗುಲಾಮ ಬಿದ್ದಿದ್ದ, ಕಾಯಿಲೆ ಬಂದ ಅಂತ ಅವನ ಅಮಾಲೇಕ್ಯ ಧಣಿ ಬಿಟ್ಟು ಹೋಗಿದ್ದ, ಮೂರು ದಿನ ಮೂರು ರಾತ್ರಿ ಅನ್ನ ನೀರಿಲ್ಲ. ಇವರು ಅವನಿಗೆ ರೊಟ್ಟಿ, ನೀರು, ಅಂಜೂರದ ಒಂದು ತುಂಡು, ಒಣದ್ರಾಕ್ಷಿ ಎರಡು ಗೊಂಚಲು ಕೊಟ್ರು. ಹೆಂಡ್ತಿ ಮಕ್ಕಳು ಏನಾದ್ರೋ ಅಂತ ಓಡ್ತಿರೋ ಜನ ನಿಂತು ಒಬ್ಬ ಅಪರಿಚಿತನಿಗೆ ಊಟ ಹಾಕಿದ್ದು, ಆ ಮೇಲೆ ದಾರಿ ತೋರ್ಸಿದ್ದು ಅವನೇ. ಎಲ್ಲಾರೂ ವಾಪಸ್ ಸಿಕ್ಕಿದ್ರು, ಲೂಟಿನೂ ಸಿಕ್ತು. ವಾಪಸ್ ಬಂದಾಗ ಯುದ್ಧ ಮಾಡಿದೋರಲ್ಲಿ ಕೆಲವ್ರು ತಕರಾರು ತೆಗೆದ್ರು, ಹಳ್ಳದ ಹತ್ರ ಕೂತೋರಿಗೆ ಹೆಂಡ್ತಿ ಮಕ್ಕಳನ್ನ ಕೊಟ್ಟು ಕಳಿಸಿ, ಮಾಲಿನಲ್ಲಿ ಪಾಲಿಲ್ಲ ಅಂತ. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಇಳಿದೋರಿಗೆ ಎಷ್ಟೋ ಸಾಮಾನು ಕಾಯ್ದೋರಿಗೂ ಅಷ್ಟೇ ಅಂದ, ಅದು ಇಸ್ರೇಲಲ್ಲಿ ಕಾನೂನೇ ಆಯ್ತು. ನಂಬಿಕೆಯಿಂದ ಬಲ ಬಂತು ಅನ್ನೋ ಅಧ್ಯಾಯದ ಒಳಗೇ ಬಲ ಬಾರದೇ ಹೋದ 200 ಜನಕ್ಕೂ ಪೂರ್ತಿ ಪಾಲು ಇದೆ. ಪೋಸ್ಟರ್‌ನಲ್ಲಿ ಆ 200 ಜನ ಇಲ್ವೇ ಇಲ್ಲ.

ಇನ್ನೊಂದು ಫೇಮಸ್ ಸಾಲು ಯೆರೆಮೀಯ 29:11. ನಿಮ್ಮ ಬಗ್ಗೆ ನನ್ನ ಯೋಚನೆಗಳು ಹಿತದ ಯೋಚನೆಗಳು, ಅಹಿತದ್ದಲ್ಲ, ನಿಮಗೆ ಭವಿಷ್ಯ ಮತ್ತೆ ನಿರೀಕ್ಷೆ ಕೊಡ್ತೀನಿ ಅನ್ನೋ ಅರ್ಥದ್ದು. ಪಾಸಾದೋರಿಗೆ, ಕೆಲಸ ಹೋದೋರಿಗೆ, ಮದುವೆ ಆಗೋರಿಗೆ, ಎಲ್ಲಾರಿಗೂ ಇದೇ ಕಾರ್ಡು. ಇದು ಒಂದು ಕಾಗದದಿಂದ ತೆಗೆದಿದ್ದು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಯೆರೂಸಲೇಮಿಂದ ಒಂದಷ್ಟು ಜನರನ್ನ ಸೆರೆ ಹಿಡ್ಕೊಂಡು ಹೋದ, ಅವರಿಗೆ ಯೆರೆಮೀಯ ಊರಿಂದ ಬರೆದ ಕಾಗದ. ಅದರ ಹಿಂದಿನ ವಚನ, 10ನೇದು, ಏನು ಹೇಳತ್ತೆ ಗೊತ್ತಾ? 70 ವರ್ಷ ಆದ್ಮೇಲೆ. ಅಂದ್ರೆ ಆ ಕಾಗದ ಓದ್ತಿರೋ ದೊಡ್ಡೋರಲ್ಲಿ ಹೆಚ್ಚುಕಮ್ಮಿ ಎಲ್ಲಾರೂ ವಾಪಸ್ ಬರೋದ್ರೊಳಗೆ ಸತ್ತಿರ್ತಾರೆ. ಹಂಗಾಗಿ ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಹಾಕಿ, ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನ ಎಳ್ಕೊಂಡು ಹೋಗಿರೋ ಆ ಊರಿನ ಕ್ಷೇಮಕ್ಕೂ ಪ್ರಾರ್ಥನೆ ಮಾಡಿ ಅಂತ ಬರೀತಾನೆ. ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಇದಾನೆ, ಅವನು ಎರಡೇ ವರ್ಷ, ಎಲ್ಲಾ ಸರಿ ಹೋಗತ್ತೆ ಅಂತ ಜನರ ಮುಂದೆ ಘೋಷಣೆ ಮಾಡಿದ್ದ. ಯೆರೆಮೀಯ ಮೊದಲು ಅವನಿಗೆ ಆಮೆನ್ ಅಂದ, ನೀನು ಹೇಳಿದ್ದೇ ಆಗ್ಲಪ್ಪಾ ಅಂತ, ಅವನಿಗೂ ಆಸೆ ಇರಲ್ವಾ ಹೇಳಿ. ಆದ್ರೆ ಗ್ರಂಥ ಹನನ್ಯನನ್ನ ಸುಳ್ಳು ಪ್ರವಾದಿ ಅಂತ್ಲೇ ಲೆಕ್ಕ ಹಾಕತ್ತೆ. ಈ ಕಾರ್ಡು ಕಳಿಸೋರು ಯೆರೆಮೀಯನ ಸಾಲು ತಗೊಂಡು ಹನನ್ಯನ ಅರ್ಥದಲ್ಲಿ ಕಳಿಸ್ತಾರೆ ಅನ್ನೋದೇ ನನ್ನ ಸಿಟ್ಟು.

ಅದೇ ಯೆರೆಮೀಯ 32ನೇ ಅಧ್ಯಾಯದಲ್ಲಿ ಮಾಡಿದ ಕೆಲಸ ಕೇಳಿ. ಚಿದ್ಕೀಯ ರಾಜನ 10ನೇ ವರ್ಷ, ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಊರು ಬೀಳತ್ತೆ ಅಂತ ಹೇಳಿದ್ದಕ್ಕೆ ಯೆರೆಮೀಯ ಅರಮನೆ ಕಾವಲು ಅಂಗಳದಲ್ಲಿ ಬಂಧನದಲ್ಲಿದಾನೆ. ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನಲ್ಲಿರೋ ನನ್ನ ಹೊಲ ತಗೋ ಅಂತಾನೆ. ಅನಾತೋತ್ ಇರೋದು ಯೆರೂಸಲೇಮಿಂದ ನಾಲ್ಕೈದು ಕಿಲೋಮೀಟರ್ ದೂರ, ಸುತ್ತ ಶತ್ರು ಸೈನ್ಯ, ಆ ಹೊಲಕ್ಕೆ ಆವತ್ತಿನ ಮಾರ್ಕೆಟ್ ರೇಟು ಸೊನ್ನೆ. ಯೆರೆಮೀಯ ಕೊಂಡ್ಕೊಂಡ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಪತ್ರ ಬರೆಸಿದ, ಮುದ್ರೆ ಹಾಕಿದ, ಸಾಕ್ಷಿ ಹಾಕಿಸಿದ, ಒಂದು ಮುಚ್ಚಿದ ಪ್ರತಿ ಒಂದು ತೆರೆದ ಪ್ರತಿ, ಎರಡನ್ನೂ ಮಣ್ಣಿನ ಗಡಿಗೇಲಿ ಹಾಕಿ ಬಹಳ ದಿನ ಬಾಳೋ ಹಂಗೆ ಇಡು ಅಂತ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದೋರಿಗೆ ಈ ಅಧ್ಯಾಯ ಬಹಳ ಚೆನ್ನಾಗಿ ಅರ್ಥ ಆಗತ್ತೆ. ಈ ನೆಲದಲ್ಲಿ ಮತ್ತೆ ಮನೆ ಹೊಲ ದ್ರಾಕ್ಷಿ ತೋಟ ವ್ಯಾಪಾರ ಆಗತ್ತೆ ಅನ್ನೋ ದೇವರ ಮಾತಿಗೆ ಇದು ಅವನ ಸಹಿ. ಆದ್ರೆ ದುಡ್ಡು ಕೊಟ್ಟು ಮುಗಿಸಿದ ಮೇಲೆ ಪ್ರಾರ್ಥನೆ ಮಾಡ್ತಾನಲ್ಲ, ಅದರ ಕೊನೇಲಿ ಗೊಣಗ್ತಾನೆ: ನೋಡು, ಮುತ್ತಿಗೆ ದಿಬ್ಬ ಊರ ಗೋಡೆವರೆಗೂ ಬಂದಿದೆ, ನೀನು ನೋಡಿದ್ರೆ ಹೊಲ ಕೊಂಡ್ಕೋ ಅಂತೀಯ! ಅಂದ್ರೆ ನಂಬಿಕೆ ಪೂರ್ತಿ ಗಟ್ಟಿಯಾದ ಮೇಲೆ ಅವನು ಹೊಲ ತಗೊಂಡಿದ್ದಲ್ಲ, ತಗೊಂಡ ಮೇಲೂ ಡೌಟ್ ಹಂಗೇ ಇತ್ತು. ಮುಂದಿನ ವರ್ಷ ಊರು ಬಿತ್ತು, ದೇವಾಲಯ ಸುಟ್ಟು ಹೋಯ್ತು, ಕ್ರಿ.ಪೂ. 586 ಅಂತ ಸಾಮಾನ್ಯವಾಗಿ ಲೆಕ್ಕ ಹಾಕ್ತಾರೆ. ಯೆರೆಮೀಯ ಆ ಹೊಲದಲ್ಲಿ ಉತ್ತ ಅಂತ ಎಲ್ಲೂ ಬರೆದಿಲ್ಲ.

ಆ ಸುಟ್ಟ ಊರಿನ ಮೇಲೆ ಹುಟ್ಟಿದ ಪದ್ಯಗಳೇ ಪ್ರಲಾಪಗಳು. ಐದು ಅಧ್ಯಾಯ. ದಿನಾ ಬೆಳಿಗ್ಗೆ ಆತನ ಕರುಣೆ ಹೊಸದು ಅನ್ನೋ ಸಾಲು ಇಲ್ಲೀದೇ, ಮೂರನೇ ಅಧ್ಯಾಯದ ಮಧ್ಯದ್ದು. ಅದಕ್ಕೂ ಮುಂಚೆ ಅದೇ ಮನುಷ್ಯ ಅದೇ ದೇವರ ಬಗ್ಗೆ ಏನೇನು ಹೇಳ್ತಾನೆ ನೋಡಿ: ಆತ ಹೊಂಚು ಹಾಕಿದ ಕರಡಿ, ಬಿಲ್ಲು ಬಗ್ಗಿಸಿ ನನ್ನನ್ನೇ ಗುರಿ ಮಾಡಿದ, ನನ್ನ ಹಲ್ಲನ್ನ ಕಲ್ಲಿನಿಂದ ಪುಡಿ ಮಾಡಿದ. 18ನೇ ವಚನದಲ್ಲಿ ನನ್ನ ನಿರೀಕ್ಷೆ ಹೋಯ್ತು ಅಂತಾನೆ, 21ರಲ್ಲಿ ಇದನ್ನ ನೆನೆಸ್ಕೊಂಡು ನಿರೀಕ್ಷೆ ಇಟ್ಕೊಂಡಿದೀನಿ ಅಂತಾನೆ. ಮಧ್ಯದಲ್ಲಿ ಏನೂ ಘಟನೆ ನಡೆದಿಲ್ಲ, ಯಾರೂ ಬಂದು ಬಿಡಿಸಿಲ್ಲ. ಹೋಗ್ಲಿ ಅಲ್ಲಿಂದ ಮೇಲೆ ಎಲ್ಲಾ ಸರಿ ಹೋಗತ್ತಾ ಅಂದ್ರೆ ಅದೂ ಇಲ್ಲ, 44ರಲ್ಲಿ ಪ್ರಾರ್ಥನೆ ತೂರದ ಹಾಗೆ ನೀನು ಮೋಡ ಹೊದ್ದುಕೊಂಡಿದೀಯ ಅಂತ ಮತ್ತೆ ಶುರು. ನಿಜವಾಗ್ಲೂ ಸಂಕಟದಲ್ಲಿರೋ ಮನುಷ್ಯನ ತಲೆ ಹೀಗೇ ಓಡೋದು, ಬೆಳಿಗ್ಗೆ ಇದ್ದ ಧೈರ್ಯ ಮಧ್ಯಾಹ್ನಕ್ಕೆ ಇರಲ್ಲ. ಆಶ್ಚರ್ಯ ಏನಂದ್ರೆ ಈ ಗೋಳು ಬಾಯಿಗೆ ಬಂದ ಹಾಗೆ ಬಂದಿದ್ದಲ್ಲ, ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ, ಮೂರನೇದ್ರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು, ಒಟ್ಟು 66 ವಚನ. ಐದನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ವಚನ ಮಾತ್ರ 22 ಇವೆ, ಅಕ್ಷರ ಕ್ರಮ ಇಲ್ಲ. ನಂಗನ್ನಿಸೋದು ಬರೆದೋರಿಗೆ ಅಷ್ಟೊತ್ತಿಗೆ ಕ್ರಮ ಹಿಡಿಯೋ ಶಕ್ತಿನೂ ಮುಗಿದಿತ್ತೇನೋ ಅಂತ, ವಿದ್ವಾಂಸರು ಒಪ್ಪಬೇಕು ಅಂತೇನಿಲ್ಲ.

ವರ್ಷಕ್ಕೊಂದ್ಸಲ, ಯೆಹೂದಿ ಪಂಚಾಂಗದ ಆವ್ ತಿಂಗಳ 9ನೇ ದಿನ, ಎರಡು ದೇವಾಲಯಗಳೂ ಹಾಳಾದ ನೆನಪಿಗೆ ಯೆಹೂದ್ಯರು ಉಪವಾಸ ಮಾಡ್ತಾರೆ, ರಾತ್ರಿ ದೀಪ ಕಮ್ಮಿ ಮಾಡಿ ನೆಲದ ಮೇಲೆ ಅಥವಾ ಗಿಡ್ಡ ಸ್ಟೂಲ್ ಮೇಲೆ ಕೂತು ಈ ಪುಸ್ತಕ ಪೂರ್ತಿ ಓದ್ತಾರೆ. ಕೊನೇ ವಚನ ಬಹಳ ಕಠಿಣ, ನೀನು ನಮ್ಮನ್ನ ಪೂರ್ತಿ ಬಿಟ್ಟೇ ಬಿಟ್ಟೆಯಾ ಅನ್ನೋ ಧಾಟಿ. ಅಲ್ಲಿಗೆ ನಿಲ್ಲಿಸಬಾರದು ಅಂತ ಅದರ ಹಿಂದಿನದು, ನಮ್ಮನ್ನ ನಿನ್ನ ಕಡೆ ತಿರುಗಿಸ್ಕೋ ಅನ್ನೋ ವಚನಾನ ಇನ್ನೊಂದ್ಸಲ ಹೇಳಿ ಮುಗಿಸ್ತಾರೆ. ಆ ಕಠಿಣ ವಚನ ಬಿಟ್ಟು ಓದಬಹುದಿತ್ತು. ಬಿಡಲ್ಲ. ಓದಿ, ಆಮೇಲೆ ಹಿಂದಿನದನ್ನ ಮತ್ತೆ ಓದ್ತಾರೆ.

ಕೀರ್ತನೆಗಳಲ್ಲೂ ಹಿಂಗೇ, 150ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೂರು, ಗೋಳು, ಮೊರೆ. 13ನೇದು ಎಷ್ಟರ ತನಕ, ಎಷ್ಟರ ತನಕ ಅಂತ ನಾಲ್ಕು ಸಲ ಕೇಳತ್ತೆ. 44ನೇದು ಏಳು, ಯಾಕೆ ಮಲಗಿದೀಯ ಅಂತ ದೇವರನ್ನೇ ಎಬ್ಬಿಸತ್ತೆ. ಎರಡನೇ ದೇವಾಲಯದ ಕಾಲದಲ್ಲಿ ಲೇವಿಯರು, ಅಂದ್ರೆ ದೇವಾಲಯದ ಸೇವೆ ಮಾಡ್ತಿದ್ದ ಕುಲದೋರು, ದಿನಾ ಇದನ್ನ ಹೇಳ್ತಿದ್ರಂತೆ, ಯೋಹಾನಾನ್ ಅನ್ನೋ ಮಹಾಯಾಜಕ ದೇವರಿಗೆ ನಿದ್ದೆ ಎಲ್ಲಿಂದ ಬಂತು ಅಂತ ಆ ಪದ್ಧತಿ ನಿಲ್ಲಿಸಿದ ಅಂತ ತಾಲ್ಮುದ್‌ನಲ್ಲಿದೆ, ತಾಲ್ಮುದ್ ಅಂದ್ರೆ ಹಳೇ ರಬ್ಬಿಗಳ, ಅಂದ್ರೆ ಯೆಹೂದಿ ಧರ್ಮಗುರುಗಳ, ಚರ್ಚೆಗಳ ಸಂಗ್ರಹ. ಪದ್ಧತಿ ನಿಂತ್ರೂ ಪದ್ಯ ಮಾತ್ರ ಪುಸ್ತಕದಲ್ಲಿ ಹಂಗೇ ಉಳೀತು. ದಾಸರ ನಿಂದಾಸ್ತುತಿ ಕೇಳಿ ಬೆಳೆದಿರೋ ನಮಗೆ ದೇವರಿಗೆ ಬೈಯೋದು ಹೊಸದೇನಲ್ಲ, ವಿಠಲನಿಗೆ ನಮ್ಮೋರು ಬೈದಿದ್ದು ಕಮ್ಮೀನಾ. ಆದ್ರೆ ಒಂದು ವ್ಯತ್ಯಾಸ ಇದೆ, ನಿಂದಾಸ್ತುತೀಲಿ ಬೈಗುಳದ ಒಳಗೆ ಒಂದು ತುಂಟತನ, ಒಂದು ಸಲಿಗೆ ಇರತ್ತೆ, ಕೇಳೋರಿಗೂ ನಗು ಬರತ್ತೆ. 88ನೇ ಕೀರ್ತನೇಲಿ ಆ ನಗು ಇಲ್ಲ. ಹಗಲು ರಾತ್ರಿ ಕೂಗಿದೀನಿ, ಗೆಳೆಯರನ್ನ ದೂರ ಮಾಡಿದೀಯ, ಕೊನೇ ಪದ ಕತ್ತಲೆ, ಮುಗೀತು. ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೇಲಿ ಸ್ತುತಿಗೆ ತಿರುಗ್ತವೆ, ಇದು ತಿರುಗಲ್ಲ. ಅದನ್ನೂ ಪವಿತ್ರ ಅಂತ ಇಟ್ಕೊಂಡಿದಾರಲ್ಲ, ಆ ನಿರ್ಧಾರ ಮಾಡಿದೋರ ಬಗ್ಗೆ ನಂಗೆ ಬಹಳ ಗೌರವ.

ಪ್ರವಾದಿ ಎಲೀಯನದು ಇನ್ನೊಂದು ಥರ. ಕರ್ಮೆಲ್ ಬೆಟ್ಟದ ಮೇಲೆ ಬಾಳ ಅನ್ನೋ ಬೇರೆ ದೇವರ 450 ಪ್ರವಾದಿಗಳನ್ನ ಒಬ್ಬನೇ ಎದುರಿಸಿ ಗೆದ್ದ, ಮಾರನೇ ಅಧ್ಯಾಯದಲ್ಲೇ ರಾಣಿ ಈಜೆಬೆಲಳ ಬೆದರಿಕೆಗೆ ಓಡಿ ಹೋಗಿ ಮರುಭೂಮಿಯ ಒಂದು ಗಿಡದ ಕೆಳಗೆ ಬಿದ್ಕೊಂಡು ಸಾಕು, ನನ್ನ ಪ್ರಾಣ ತಗೊಂಡುಬಿಡು ಅಂದ. ಗೆದ್ದೋನಿಗೂ ಹಿಂಗಾಗತ್ತೆ. ದೂತ ಬಂದು ಉಪದೇಶ ಮಾಡಲ್ಲ. ತಟ್ಟಿ ಎಬ್ಬಿಸಿ ಎದ್ದು ಊಟ ಮಾಡು ಅಂತಾನೆ, ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗ್ತಾನೆ, ದೂತ ಮಲಗೋಕೆ ಬಿಡ್ತಾನೆ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸ್ತಾನೆ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ. ಮುಂದೆ ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲುದನಿ, ಅದನ್ನೆಲ್ಲಾ ಎಲ್ರೂ ಹೇಳ್ತಾರೆ. ಆದ್ರೆ ಆ ಮೆಲುದನಿಗೆ ಮುಂಚೆ ಕೊಟ್ಟ ಉತ್ತರಾನೇ ಆಮೇಲೂ ಅಕ್ಷರ ಬದಲಾಗದ ಹಾಗೆ ಕೊಡ್ತಾನೆ, ನಾನೊಬ್ಬನೇ ಉಳಿದಿದೀನಿ ಅಂತ. ದರ್ಶನದಿಂದ ಅವನ ಮೂಡ್ ಬದಲಾಗಿಲ್ಲ. ದೇವರು ಅದಕ್ಕೆ ಬೇಜಾರಾಗದೆ ಮುಂದಿನ ಕೆಲಸ ಹೇಳಿ, ಎಲೀಷನನ್ನ ಜೊತೆಗೆ ಸೇರಿಸ್ಕೋ ಅಂತ ಹೇಳಿ, ನಿನ್ನ ಹಾಗೆ ಇನ್ನೂ 7000 ಜನ ಇದಾರೆ ಅಂತ ತಿಳಿಸಿ ಕಳಿಸ್ತಾನೆ.

ಹನ್ನಳ ಬಗ್ಗೆ ಚಿಕ್ಕದಾಗಿ. ಮಕ್ಕಳಿಲ್ಲ ಅಂತ ಸವತಿ ಬಾಯಲ್ಲಿ ಕುಟುಕಿಸ್ಕೊಂಡು ಶೀಲೋವಿನಲ್ಲಿ ಬರೀ ತುಟಿ ಅಲ್ಲಾಡಿಸ್ತಾ ಬೇಡ್ಕೊಳ್ತಿದ್ದೋಳನ್ನ ಯಾಜಕ ಏಲಿ ಕುಡಿದಿದಾಳೆ ಅಂದ್ಕೊಂಡ. ಆಕೆ ಸುಮ್ನಿರದೆ ಇಲ್ಲ ಸ್ವಾಮಿ ನಾನು ನನ್ನ ಮನಸ್ಸನ್ನ ಹೊಯ್ಕೊಳ್ತಿದ್ದೆ ಅಂತ ತಿದ್ದಿದಳು. ಮುಂದೆ ತಾಲ್ಮುದಿನ ರಬ್ಬಿಗಳು ಪ್ರಾರ್ಥನೆ ಹೇಗೆ ಮಾಡ್ಬೇಕು ಅನ್ನೋ ನಿಯಮಗಳನ್ನ ಕಲಿತಿದ್ದು ಈ ಹೆಂಗಸಿನಿಂದ, ಏಲಿಯಿಂದಲ್ಲ. ಈಗ್ಲೂ ಯೆಹೂದಿ ಹೊಸ ವರ್ಷದ ಮೊದಲ ದಿನ ಈ ಕಥೆ ಓದ್ತಾರೆ.

ಇದೆಲ್ಲಾ ಹಳೇ ಕಾಲದ ಮಾತಾಯ್ತು ಅನ್ನೋರಿಗೆ ಒಂದು ಇತ್ತೀಚಿನದು ಹೇಳ್ಬೇಕು. ವಾರ್ಸಾ ಹತ್ರದ ಪಿಯಾಸೆಚ್ನೋ ಊರಿನ ಹೆಸರಲ್ಲಿ ಗುರುತಿಸ್ಕೊಂಡಿದ್ದ, ಹಸಿದಿಕ್ ಅನ್ನೋ ಯೆಹೂದಿ ಭಕ್ತಿಪಂಥದ ಗುರು ಕಲೋನಿಮುಸ್ ಕಲ್ಮನ್ ಶಪಿರಾ. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ವಾರ್ಸಾ ಮೇಲೆ ದಾಳಿ ಮಾಡಿದಾಗ ಒಬ್ಬನೇ ಮಗ, ಸೊಸೆ ಇಬ್ರೂ ಹೋದ್ರು. ಆ ನವೆಂಬರ್‌ನಲ್ಲಿ ಓದಬೇಕಾದ ತೋರಾ ಭಾಗ ಸಾರಳ ಸಾವಿನದು. ಅಬ್ರಹಾಮ ಮಗ ಇಸಾಕನನ್ನ ಬಲಿ ಕೊಡೋಕೆ ಕಟ್ಟಿದ ಕಥೆ ಆದ ಸ್ವಲ್ಪದರಲ್ಲೇ ತಾಯಿ ಸಾರ ಸಾಯ್ತಾಳೆ, ಸುದ್ದಿ ಕೇಳೇ ಪ್ರಾಣ ಹೋಯ್ತು ಅನ್ನೋದು ಹಳೇ ವ್ಯಾಖ್ಯಾನ. ಶಪಿರಾ ಅದಕ್ಕೆ ಏನು ಹೇಳಿದ್ರು ಅಂದ್ರೆ, ಮೋಶೆ ಇವೆರಡನ್ನ ಪಕ್ಕ ಪಕ್ಕ ಇಟ್ಟಿದ್ದು ನಮ್ಮ ಪರವಾಗಿ ವಾದ ಮಾಡೋಕೆ, ಅತಿಯಾದ ಸಂಕಟ ಮನುಷ್ಯರ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ ದೇವರಿಗೆ ತೋರ್ಸೋಕೆ, ಸಾರ ಸತ್ತಿದ್ದೂ ಅದಕ್ಕೇ. ಮಗ ಸತ್ತ ಮನುಷ್ಯ ಗ್ರಂಥ ಹಿಡ್ಕೊಂಡೇ ದೇವರ ಮುಂದೆ ಇದು ಜಾಸ್ತಿ ಆಯ್ತು ಅಂತ ಹೇಳ್ತಿದಾರೆ. ಯೆಹೂದ್ಯರನ್ನ ಕೂಡಿಹಾಕಿದ್ದ ವಾರ್ಸಾ ಘೆಟ್ಟೋ ಒಳಗೆ 1942ರ ಬೇಸಿಗೆವರೆಗೂ ಉಪದೇಶ ಕೊಟ್ರು, ಬರೆದಿಟ್ರು. ದೇವರು ಒಳಕೋಣೇಲಿ ಯಾರಿಗೂ ಕಾಣದ ಹಾಗೆ ಅಳ್ತಾನೆ ಅನ್ನೋ ತಾಲ್ಮುದಿನ ಮಾತು ಅವರಲ್ಲಿ ಮತ್ತೆ ಮತ್ತೆ ಬರತ್ತೆ. ಮೊದಮೊದಲು ಇಂಥ ಕಷ್ಟ ನಮ್ಮ ಜನ ಹಿಂದೇನೂ ಕಂಡಿದಾರೆ ಅಂತ ಹೇಳಿದ್ದೋರು 1942ರ ಕೊನೇಲಿ ತಮ್ಮದೇ ಬರಹಕ್ಕೆ ಟಿಪ್ಪಣಿ ಸೇರಿಸಿದ್ರು, ಆ ಮಾತು ಇನ್ನು ನಡೆಯಲ್ಲ, ಇಂಥದ್ದು ಎಂದೂ ಆಗಿರಲಿಲ್ಲ ಅಂತ. ಸಮಾಧಾನದ ಮಾತನ್ನ ತಾವೇ ವಾಪಸ್ ತಗೊಂಡ್ರು, ಆದ್ರೆ ಬರಹ ಸುಡಲಿಲ್ಲ, ಇತಿಹಾಸಕಾರ ರಿಂಗೆಲ್‌ಬ್ಲೂಮ್ ಘೆಟ್ಟೋದಲ್ಲಿ ಮಾಡ್ತಿದ್ದ ಗುಪ್ತ ದಾಖಲೆ ಸಂಗ್ರಹದ ಜೊತೆ ನೆಲದಲ್ಲಿ ಹೂಳೋಕೆ ಕೊಟ್ರು, ಸಿಕ್ಕಿದೋರು ಪವಿತ್ರ ನಾಡಿನಲ್ಲಿರೋ ನನ್ನ ತಮ್ಮನಿಗೆ ತಲುಪಿಸಿ ಅಂತ ಕಾಗದ ಬರೆದಿಟ್ಟು. 1943ರಲ್ಲಿ ಅವರನ್ನ ನಾಜಿಗಳು ಕೊಂದ್ರು. ಯುದ್ಧ ಆದ್ಮೇಲೆ ಅವು ಸಿಕ್ಕಿದ್ವು, 1960ರಲ್ಲಿ ಪುಸ್ತಕ ಆಯ್ತು. ಅನಾತೋತಿನ ಪತ್ರ ಹಾಕಿದ ಗಡಿಗೆ ನೆನಪಾಗದೇ ಇರಲ್ಲ.

ಇವರ ನಂಬಿಕೆ ಇವರನ್ನ ಉಳಿಸ್ತು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ, ಉಳಿಸ್ಲಿಲ್ಲ. ಮಾತು ನಿಲ್ಲಿಸದ ಹಾಗೆ ಇಟ್ಟಿತ್ತು ಅಂತ ಮಾತ್ರ ಹೇಳಬಹುದು.

ಸಂಕಟದಲ್ಲಿರೋರ ಹತ್ರ ಹೋಗೋರಿಗೂ ಇಲ್ಲಿ ಒಂದು ಪಾಠ ಇದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಯೋಬನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಾಡದೇ ಕೂತ್ರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲಾ ಕೆಡ್ತು, ನೀನೇನೋ ತಪ್ಪು ಮಾಡಿರ್ಬೇಕು ಅಂತ ಅಧ್ಯಾಯಗಟ್ಟಲೆ. ಕೊನೇಲಿ ದೇವರು ಆ ಗೆಳೆಯರಲ್ಲೊಬ್ಬ ಎಲೀಫಜನಿಗೆ ಹೇಳೋದು, ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡ್ಲಿಲ್ಲ, ಯೋಬ ಮಾತಾಡ್ದ ಅಂತ. ಅಷ್ಟೊತ್ತೂ ದೇವರನ್ನ ಕೋರ್ಟಿಗೆ ಎಳೆಯೋಕೆ ಹೊರಟಿದ್ದ ಯೋಬ! ಇವತ್ತಿಗೂ ಯೆಹೂದಿ ಸಾವಿನ ಮನೇಲಿ, ದುಃಖದಲ್ಲಿರೋರು ಮೊದಲು ಮಾತಾಡೋವರ್ಗೂ ಬಂದೋರು ಮಾತಾಡಬಾರದು ಅನ್ನೋ ನಿಯಮಕ್ಕೆ ಆಧಾರ ಈ ಯೋಬನ ಕಥೇನೇ. ನಮ್ಮ ಕಡೆ ಯಾರಾದ್ರೂ ಈ ನಿಯಮ ಜಾರಿಗೆ ತಂದ್ರೆ ಅವರಿಗೆ ನನ್ನ ವೋಟು.

ಓದಬೇಕು ಅನ್ನಿಸಿದೋರಿಗೆ: 13ನೇ ಕೀರ್ತನೆಯಿಂದ ಶುರು ಮಾಡಿ, ಐದಾರು ವಚನ ಅಷ್ಟೆ. ಆಮೇಲೆ ಪ್ರಲಾಪಗಳ ಮೂರನೇ ಅಧ್ಯಾಯ ಒಂದೇ ಕೂತಿನಲ್ಲಿ, ಮಧ್ಯದ ಒಳ್ಳೇ ಸಾಲಿಗೆ ನಿಲ್ಲಿಸದೇ ಕೊನೇವರೆಗೂ. ಯೋಬ 42 ಅಧ್ಯಾಯ ಇದೆ, ಒಮ್ಮೆಗೇ ಆಗಲ್ಲ, 3ನೇ ಅಧ್ಯಾಯ ಓದಿ ಸೀದಾ 38ಕ್ಕೆ ಹಾರಿದ್ರೂ ಮೊದಲ ಸಲಕ್ಕೆ ನಡೆಯತ್ತೆ. ಮಧ್ಯದಲ್ಲಿ 32ರಿಂದ 37ರವರೆಗೆ ಎಲೀಹು ಅನ್ನೋ ಯುವಕ ಬಂದು ಯಾರೂ ಕೇಳದೇ ಇದ್ರೂ ಉದ್ದುದ್ದ ಭಾಷಣ ಹೊಡೀತಾನೆ, ಅವನಿಗೆ ಅಲ್ಲಿ ಯಾರೂ ಉತ್ತರಾನೂ ಕೊಡಲ್ಲ.